ಸಿಂಗಪುರದ ಸೆರೆಯೂ ನಮ್ಮ ಮನೆಯ ಐತಿಹ್ಯವೂ

ದೆಹಲಿಯ ತೀನ್‌ಮೂರ್ತಿ ವೃತ್ತದಲ್ಲಿ ನಿಂತಿರುವ ಮೂವರು ಕಂಚಿನ ಯೋಧರಲ್ಲಿ ಒಬ್ಬನು ಮೈಸೂರಿನ ಪ್ರತಿನಿಧಿಯೆಂಬುದನ್ನು ಇಲ್ಲಿಯ ಕನ್ನಡಿಗರು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಅಶ್ವದಳದೊಡನೆ ಕೂಡಿ ಹೈಫಾ ನಗರವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್ ದಳದ ಕೀರ್ತಿ ಅದು; 2018ರಲ್ಲಿ ವೃತ್ತದ ಹೆಸರಿಗೆ ಹೈಫಾ ಎಂಬುದೂ ಸೇರಿತು. ಆದರೆ ಅದೇ ಸಂಸ್ಥಾನದ ಪದಾತಿದಳವೊಂದು ಇಪ್ಪತ್ತನಾಲ್ಕು ವರ್ಷಗಳ ತರುವಾಯ ಸಿಂಗಪುರದಲ್ಲಿ ಶಸ್ತ್ರವನ್ನಿಳುಹಿ ಸೆರೆಹೋದ ವೃತ್ತಾಂತವನ್ನು ಹೇಳುವವರು ವಿರಳ. ಆ ದಳದಲ್ಲಿ ನನ್ನ ತಾತನವರಿದ್ದರು.

1983ರಲ್ಲಿ ಅವರು ತೀರಿಕೊಂಡಾಗ ನನಗೆ ಮೂರು ವರ್ಷ. ಆದುದರಿಂದ ನಾನು ಬಲ್ಲ ತಾತನವರು ಮನೆಯ ಮಾತುಗಳಲ್ಲಿ ಬದುಕಿದ ತಾತನವರು. ಆ ಮಾತುಗಳಾದರೂ ಒಂದೇ ಬಗೆಯವಲ್ಲ. ನನ್ನ ದೊಡ್ಡಪ್ಪನವರು ಹೇಳುವಂತೆ ಅವರು ನೇತಾಜಿಯವರ ಆಜಾದ್ ಹಿಂದ್ ಫೌಜಿನ ಯೋಧರು. ಮಂಡ್ಯದ ಬಳಿಯ ನಮ್ಮ ಹಳ್ಳಿಯ ಮನೆಯ ಪಡಸಾಲೆಯಲ್ಲಿ ಇಬ್ಬರ ಪಟಗಳೂ ಇಂದಿಗೂ ಜೊತೆಯಾಗಿ ತೂಗುತ್ತಿವೆ. ಅಜ್ಜಿಯ ಮಾತಿನಲ್ಲಿ ಫೌಜೂ ಇರಲಿಲ್ಲ, ನೇತಾಜಿಯವರೂ ಇರಲಿಲ್ಲ. ಹಸಿವು, ಮಣ್ಣಿನ ಅಗೆತ, ಬೂದಿ ಉಗುಳುವ ಒಂದು ಬೆಟ್ಟ, ‘ರಬ್ಬಾಲ’ ಎಂಬ ಒಂದು ಊರು, ಇಷ್ಟೇ. ಬರಹದ ಆಧಾರವೆಂದರೆ ಮಡಿಕೆಯಲ್ಲಿ ಹರಿದ ಒಂದು ಬಿಡುಗಡೆಯ ಪತ್ರ. ಅದರಲ್ಲಿ 1942ರ ಫೆಬ್ರವರಿ 15ರಿಂದ ಮುಂದಕ್ಕೆ ‘ಯುದ್ಧಕೈದಿ’ ಎಂಬ ಒಂದೇ ಪದ. ವೃತ್ತಿಯಿಂದ ನಾನು ಬ್ಯಾಂಕಿನವನು. ಎರಡು ಲೆಕ್ಕಗಳು ತಾಳೆಯಾಗದಿದ್ದರೆ ನಿದ್ರೆ ಬಾರದ ಜಾತಿ.

ಇತಿಹಾಸವು ಹೇಳುವುದನ್ನು ಮೊದಲು ನೋಡೋಣ. ಎರಡನೆಯ ಮಹಾಯುದ್ಧದಲ್ಲಿ ಮಲಯಕ್ಕೆ ಹೋದ ದೇಶೀಯ ಸಂಸ್ಥಾನಗಳ ದಳಗಳಲ್ಲಿ ಹೈದರಾಬಾದು, ಬಹಾವಲಪುರ, ಜಿಂದ್ ಮೊದಲಾದವುಗಳೊಡನೆ ಮೈಸೂರಿನ ಮೊದಲನೆಯ ಪದಾತಿದಳವೂ ಇದ್ದಿತು. ಇವುಗಳಿಗೆ ವಹಿಸಿದ್ದು ಮುಖ್ಯವಾಗಿ ವಿಮಾನ ನಿಲ್ದಾಣಗಳ ಕಾವಲು. (ಸ್ವಾತಂತ್ರ್ಯಾನಂತರ ಈ ಮೈಸೂರು ದಳವೇ ಮದರಾಸು ರೆಜಿಮೆಂಟಿನ 18ನೆಯ ಪಡೆಯಾಯಿತು.) ಫೆಬ್ರವರಿ 15ರಂದು ಸಿಂಗಪುರವು ಶರಣಾಯಿತು. 17ರಂದು ಫಾರೆರ್ ಪಾರ್ಕ್ ಮೈದಾನದಲ್ಲಿ ಸುಮಾರು 45 ಸಾವಿರ ಭಾರತೀಯ ಸೈನಿಕರನ್ನು ಒಟ್ಟುಗೂಡಿಸಿ, ಬ್ರಿಟಿಷ್ ಅಧಿಕಾರಿಯೊಬ್ಬನು ಅವರನ್ನು ಜಪಾನಿನ ಮೇಜರ್ ಫುಜಿವಾರಾನಿಗೆ ಒಪ್ಪಿಸಿದನು. ಫುಜಿವಾರಾ ಅವರನ್ನು ಕ್ಯಾಪ್ಟನ್ ಮೋಹನ್ ಸಿಂಗರ ವಶಕ್ಕೆ ಕೊಟ್ಟನು. ಆ ವರ್ಷ ರೂಪುಗೊಂಡ ಫೌಜಿಗೆ ಸೇರಿದವರು ಅನೇಕ ಸಹಸ್ರ. ಸೇರದೆ ಉಳಿದವರೂ ಅನೇಕ ಸಹಸ್ರ. ನೇತಾಜಿಯವರು ಸಿಂಗಪುರಕ್ಕೆ ಬಂದುದು 1943ರ ಜುಲೈ ತಿಂಗಳಲ್ಲಿ. ಅಷ್ಟು ಹೊತ್ತಿಗೆ, ಸೇರದವರಲ್ಲಿ ಎಷ್ಟೋ ಜನರನ್ನು ಜಪಾನೀಯರು ಕೂಲಿಯ ತಂಡಗಳನ್ನಾಗಿ ಮಾಡಿ ಹಡಗುಗಳ ತಳದಲ್ಲಿ ತುಂಬಿ ನ್ಯೂಗಿನಿ, ನ್ಯೂ ಬ್ರಿಟನ್ ದ್ವೀಪಗಳಿಗೆ ಸಾಗಿಸುತ್ತಲಿದ್ದರು.

ಬಹುಕಾಲ ‘ರಬ್ಬಾಲ’ವನ್ನು ನಾನು ಅಜ್ಜಿಯ ಕಲ್ಪನೆಯೆಂದೇ ಬಗೆದಿದ್ದೆನು. ಓದು ಬಾರದ ಹೆಂಗಸು, ಕಡಲನ್ನು ಕಂಡವಳಲ್ಲ. ಎಲ್ಲಿಯೋ ಕೇಳಿದ ಕಥೆಯ ಊರನ್ನು ಗಂಡನ ಬಾಳಿಗೆ ಅಂಟಿಸಿದ್ದಾಳೆಂದು ತಿಳಿದೆನು. ಆಕೆ 2003ರಲ್ಲಿ ಕಾಲವಾದ ಮೇಲೆ, ಒಂದು ದಿನ ಪೆಸಿಫಿಕ್ ಯುದ್ಧದ ನಕ್ಷೆಯನ್ನು ನೋಡುತ್ತಿರುವಾಗ ನ್ಯೂ ಬ್ರಿಟನ್ ದ್ವೀಪದ ತುದಿಯಲ್ಲಿ ರಬೌಲ್ ಎಂಬ ಬಂದರು ಕಣ್ಣಿಗೆ ಬಿದ್ದಿತು. ಜಪಾನೀಯರ ಮಹಾನೆಲೆ ಅದು. ಆ ಬೆಟ್ಟಗಳಲ್ಲಿ ಅವರು ಸುರಂಗಗಳನ್ನು ಕೊರೆಯಿಸಿದರು. ಊರಿನ ಮಗ್ಗುಲಲ್ಲೇ ತವುರ್ವುರ್ ಎಂಬ ಜ್ವಾಲಾಮುಖಿಯಿದೆ. 1941ರಿಂದ 1943ರವರೆಗೆ ಅದು ಆಗಾಗ ಬೂದಿಯನ್ನು ಉಗುಳುತ್ತಲಿದ್ದಿತು. ಬಿಡುಗಡೆಯ ಪತ್ರವು ಹೇಳದೆ ಬಿಟ್ಟುದನ್ನು ಅಜ್ಜಿಯ ನಾಲಗೆ ಅರುವತ್ತು ವರ್ಷ ಕಾದಿರಿಸಿತ್ತು. ನಾನು ಆಕೆಯನ್ನು ಇನ್ನಷ್ಟು ಕೇಳದೆ ಹೋದೆನಲ್ಲ ಎಂಬ ಪಶ್ಚಾತ್ತಾಪ ಇಂದಿಗೂ ಇದೆ.

ಹಾಗಾದರೆ ದೊಡ್ಡಪ್ಪನವರ ಮಾತೇನು? ಜನಪಥದ ರಾಷ್ಟ್ರೀಯ ಅಭಿಲೇಖಾಲಯದಲ್ಲಿ ಫೌಜಿಗೆ ಸಂಬಂಧಿಸಿದ ಕಡತಗಳನ್ನು ರಜಾದಿನಗಳಲ್ಲಿ ಸಾಧ್ಯವಾದಷ್ಟು ನೋಡಿದ್ದೇನೆ; ತಾತನವರ ಹೆಸರು ನನಗೆ ದೊರೆಯಲಿಲ್ಲ. ಕಾಣದ ನಮೂದು ಇಲ್ಲದ ನಮೂದಲ್ಲವೆಂಬುದನ್ನು ಲೆಕ್ಕಪುಸ್ತಕಗಳೊಡನೆ ಬಾಳುವವನಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಇದಕ್ಕಿಂತ ಬಲವಾದ ಸಾಕ್ಷ್ಯ ಮನೆಯಲ್ಲಿಯೇ ಇದೆ. 1972ರಲ್ಲಿ, ಸ್ವಾತಂತ್ರ್ಯದ ಇಪ್ಪತ್ತೈದನೆಯ ವರ್ಷದಲ್ಲಿ, ಕೇಂದ್ರ ಸರ್ಕಾರವು ಸ್ವಾತಂತ್ರ್ಯ ಹೋರಾಟಗಾರರಿಗೆ ನಿವೃತ್ತಿವೇತನವನ್ನು ಗೊತ್ತುಮಾಡಿತು; ಫೌಜಿನವರೂ ಅದಕ್ಕೆ ಅರ್ಹರು. ಊರಿನ ಹಿರಿಯರು ಅರ್ಜಿಯನ್ನು ತುಂಬಿಸಿ ತಂದರು, ಹೆಬ್ಬೆಟ್ಟೊಂದೇ ಬಾಕಿ. ತಾತನವರು ಅದನ್ನು ಹಿಂದಕ್ಕೆ ಕೊಟ್ಟು, “ನಾನು ಆ ದಂಡಿನಲ್ಲಿರಲಿಲ್ಲ. ಇದ್ದವರಿಗೆ ಕೊಡಿ” ಎಂದರಂತೆ. ಅದೇ ವರ್ಷ ಸೋದರತ್ತೆಯ ಮದುವೆಗಾಗಿ ಕಾಲುವೆಯಂಚಿನ ಗದ್ದೆ ಮಾರಿಹೋಯಿತು. ದೊಡ್ಡಪ್ಪನವರು ಇದನ್ನು ಹೇಳುವಾಗ ಈಗಲೂ ಧ್ವನಿ ಗಡುಸಾಗುತ್ತದೆ. ತಂದೆಯವರ ಸಂಕೋಚದಿಂದ ಗದ್ದೆ ಹೋಯಿತೆಂದು ಅವರ ವಾದ. ಸಂಕೋಚವಲ್ಲ, ಅದು ಸತ್ಯವೆಂದು ಒಪ್ಪಿದರೆ ಗೋಡೆಯ ಮೇಲಿನ ಪಟವನ್ನು ಏನು ಮಾಡುವುದು?

ನನ್ನ ಮಟ್ಟಿಗೆ, ಫೌಜಿಗೆ ಸೇರದವರನ್ನು ಹೇಡಿಗಳೆಂದಾಗಲಿ ದೇಶದ್ರೋಹಿಗಳೆಂದಾಗಲಿ ಕರೆಯುವುದು ಅನ್ಯಾಯ. ಅವರಿಗೆ ಕೆಂಪುಕೋಟೆಯ ವಿಚಾರಣೆ ನಡೆಯಲಿಲ್ಲ. ಅವರ ಹೆಸರಿನಲ್ಲಿ ಮೆರವಣಿಗೆ ಹೊರಡಲಿಲ್ಲ. ಸಂಸ್ಥಾನದ ಸಿಪಾಯಿಯ ಮನಸ್ಸಿನಲ್ಲಿ ಇಂಗ್ಲೆಂಡಿನ ದೊರೆಗಿಂತ ಮೈಸೂರಿನ ಮಹಾರಾಜರೇ ಹತ್ತಿರದವರಾಗಿದ್ದಿರಬಹುದು. ಅಜ್ಜಿಯು ಮಾತ್ರ ಬೇರೆ ಕಾರಣವನ್ನು ಹೇಳುತ್ತಿದ್ದಳು: ಜೊತೆಗಾರನೊಬ್ಬನು ಆಮಶಂಕೆಯಿಂದ ಏಳಲಾರದೆ ಮಲಗಿದ್ದನು, ಅವನನ್ನು ಬಿಟ್ಟು ಎದ್ದುಹೋಗಲು ಇವರಿಗೆ ಮನಸ್ಸು ಬರಲಿಲ್ಲ. ಒಬ್ಬಳೇ ಸಾಕ್ಷಿ, ಅದೂ ಕೇಳಿ ಹೇಳಿದವಳು. ಇದನ್ನು ನಂಬಲು ನನಗೆ ಆಸೆಯಿದೆ, ಆಸೆಯಿರುವುದರಿಂದಲೇ ಅನುಮಾನಿಸಬೇಕಾಗಿದೆ.

ರಬೌಲಿನ ಜಪಾನೀಯರು 1945ರ ಸೆಪ್ಟೆಂಬರ್ 6ರಂದು ಶರಣಾದರು. ತಾತನವರು ಊರು ಸೇರಿದುದು ಮರುವರ್ಷ. ನಡುವಣ ವರ್ಷಗಳಲ್ಲಿ ಅಜ್ಜಿಯ ಬಳೆಗಳನ್ನು ಒಡೆಸಲು ನಂಟರು ಎರಡು ಸಲ ಬಂದಿದ್ದರು. “ಹೆಣ ಕಾಣದೆ ಬಳೆ ಒಡೆಯೆ” ಎಂದು ಆಕೆ ಬಾಗಿಲು ಹಾಕಿಕೊಂಡಳಂತೆ. ಜೊತೆಗಾರನು ಹಿಂದಿರುಗಲಿಲ್ಲ. ರಬೌಲಿನ ಹತ್ತಿರದ ಬೀಟಾ ಪಾಕಾ ಯುದ್ಧಸ್ಮಶಾನದಲ್ಲಿ ಭಾರತೀಯ ಸೈನಿಕರ ಸಮಾಧಿಗಳಿವೆ; ಹೆಸರು ತಿಳಿಯದವರದೂ ಇವೆ. ಅವನ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಉಳಿಸಿಕೊಳ್ಳಲಿಲ್ಲ.

ಉಳಿದಿರುವುದು ಒಂದು ಎಡೆ. ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಲೆಗಳನ್ನಿಟ್ಟ ಮೇಲೆ ಅಜ್ಜಿಯು ಕೊನೆಯಲ್ಲಿ ಇನ್ನೊಂದು ಎಲೆಯನ್ನು ಹಾಕಿ ಅದಕ್ಕೆ ಮಾತ್ರ ಅನ್ನವನ್ನು ಎರಡು ಪಟ್ಟು ಬಡಿಸುತ್ತಿದ್ದಳು. ಯಾರಿಗೆಂದು ಮಕ್ಕಳು ಕೇಳಿದರೆ “ರಬ್ಬಾಲದವನಿಗೆ” ಎನ್ನುತ್ತಿದ್ದಳು. ಈಗ ನಮ್ಮ ದೆಹಲಿಯ ಮನೆಯಲ್ಲಿಯೂ ಆ ಎಲೆಯನ್ನು ಹಾಕುತ್ತೇವೆ. ಕಳೆದ ಸಲ ದೊಡ್ಡಪ್ಪನವರು ಇಲ್ಲಿಗೆ ಬಂದಿದ್ದರು. ನನ್ನ ನಕ್ಷೆ, ಕಡತಗಳ ಮಾತನ್ನೆಲ್ಲ ಕೇಳಿ ಏನನ್ನೂ ಹೇಳಲಿಲ್ಲ. ಬಡಿಸುವಾಗ ಸೌಟನ್ನು ನನ್ನ ಕೈಯಿಂದ ತೆಗೆದುಕೊಂಡು, ಕೊನೆಯ ಎಲೆಗೆ ತಾವೇ ಅನ್ನವನ್ನಿಕ್ಕಿದರು.