ನಿತ್ಯದ ಬದುಕಿಗೆ ರೇಖೆಯ ಲಯ ತಂದ ಕೆ.ಕೆ. ಹೆಬ್ಬಾರ್

ಕರಾವಳಿಯ ಮೀನುಗಾರರು, ದುಡಿಯುವ ಹಳ್ಳಿಗರು, ಕೋಳಿ ಅಂಕ, ಹಾಡು, ಕುಣಿತ ಇವೆಲ್ಲ ಆಧುನಿಕ ಚಿತ್ರಕಲೆಗೆ ತಕ್ಕ ವಸ್ತುಗಳೆಂದು ತೋರಿಸಿಕೊಟ್ಟ ಕನ್ನಡಿಗ ಕಟ್ಟಿಂಗೇರಿ ಕೃಷ್ಣ ಹೆಬ್ಬಾರ್. ಇಪ್ಪತ್ತನೆಯ ಶತಮಾನದ ಭಾರತೀಯ ಕಲೆಯಲ್ಲಿ ಅವರದು ಪ್ರಮುಖ ಹೆಸರು.

ಹೆಬ್ಬಾರರು ಜನಿಸಿದ್ದು 1911ರಲ್ಲಿ, ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ. ಯಕ್ಷಗಾನದ ಬಣ್ಣ, ಚೆಂಡೆಯ ಸದ್ದುಗಳ ನಡುವೆ ಅವರ ಬಾಲ್ಯ ಕಳೆಯಿತು. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಕೆಲಕಾಲ ಕಲಿತು, ಬಳಿಕ ಮುಂಬಯಿಯ ಸರ್ ಜೆ.ಜೆ. ಕಲಾಶಾಲೆಯಲ್ಲಿ 1938ರಲ್ಲಿ ಡಿಪ್ಲೊಮಾ ಪಡೆದರು. 1940ರಿಂದ 1945ರವರೆಗೆ ಅಲ್ಲಿಯೇ ಅಧ್ಯಾಪಕರಾಗಿದ್ದರು.

ಆ ಶಾಲೆಯ ಪಾಠ ಐರೋಪ್ಯ ಪದ್ಧತಿಯದು. ಕಂಡದ್ದನ್ನು ಕಂಡಂತೆ ಬಿಡಿಸುವ ಕೌಶಲ ಕೈಗೆ ಬಂದರೂ ಅದು ತಮ್ಮ ನೆಲದ ಭಾಷೆಯಲ್ಲವೆಂಬ ಅತೃಪ್ತಿ ಹೆಬ್ಬಾರರನ್ನು ಕಾಡಿತು. ಉತ್ತರಕ್ಕಾಗಿ ಅವರು ಅಜಂತಾದ ಭಿತ್ತಿಚಿತ್ರಗಳನ್ನೂ ಜೈನ ಹಸ್ತಪ್ರತಿಗಳ ಚಿತ್ರಗಳನ್ನೂ ರಾಜಪೂತ ಕಿರುಚಿತ್ರಗಳನ್ನೂ ಅಭ್ಯಸಿಸಿದರು. ಅಮೃತಾ ಶೇರ್‌ಗಿಲ್ ಅವರ ಕೃತಿಗಳೂ ದಾರಿ ತೋರಿದವು. ಕೇರಳದ ಜನಜೀವನವನ್ನು ಕುರಿತ ಅವರ ಚಿತ್ರಗಳಲ್ಲಿ ಈ ಹುಡುಕಾಟದ ಫಲ ಕಾಣುತ್ತದೆ. 1949-50ರಲ್ಲಿ ಪ್ಯಾರಿಸ್ಸಿನ ಜೂಲಿಯನ್ ಅಕಾಡೆಮಿಯಲ್ಲಿ ಕಲಿತು ಬಂದ ಮೇಲೂ ಅವರ ವಸ್ತು ಬದಲಾಗಲಿಲ್ಲ. ಬಣ್ಣ ಬಳಸುವ ಬಗೆ ಮಾತ್ರ ಹೆಚ್ಚು ಸ್ವತಂತ್ರವಾಯಿತು.

ಹಾಡುವ ರೇಖೆ

ಹೆಬ್ಬಾರರ ನಿಜವಾದ ಶಕ್ತಿ ಇರುವುದು ರೇಖೆಯಲ್ಲಿ. ಲಯದ ಒಳಗುಟ್ಟು ತಿಳಿಯಲು ಅವರು ಪಂಡಿತ್ ಸುಂದರ ಪ್ರಸಾದರಲ್ಲಿ ಕಥಕ್ ನೃತ್ಯವನ್ನೇ ಕಲಿತರು. ಮಹದೇಶ್ವರ ಬೆಟ್ಟದ ಜಾತ್ರೆಯಲ್ಲಿ ಕಂಸಾಳೆಯವರನ್ನು ಕಂಡವರಿಗೆ ಈ ಲಯ ಹೊಸದಲ್ಲ. ತಾಳ ಬೀಸುವ ಕೈ, ಬಾಗುವ ನಡು, ಊರುವ ಹೆಜ್ಜೆ ಎಲ್ಲವೂ ಅಲ್ಲಿ ಒಂದೇ ಓಟದಲ್ಲಿ ಸಾಗುತ್ತವೆ. ಅಂಥ ಓಟವನ್ನು ಹೆಬ್ಬಾರರು ಕೆಲವೇ ಗೆರೆಗಳಲ್ಲಿ ಹಿಡಿಯುತ್ತಿದ್ದರು. ಮುಖದ ವಿವರ ಬಿಟ್ಟುಹೋದರೂ ದೇಹದ ಚಲನೆ ಉಳಿಯುತ್ತಿತ್ತು. ಅವರ ರೇಖಾಚಿತ್ರಗಳ ಸಂಕಲನ ‘ದಿ ಸಿಂಗಿಂಗ್ ಲೈನ್’ 1964ರಲ್ಲಿ ಪ್ರಕಟವಾಯಿತು.

ಅವರ ಚಿತ್ರಗಳಲ್ಲಿ ಸಂಭ್ರಮವಷ್ಟೇ ಇಲ್ಲ. ಹಸಿವು, ಬಡತನಗಳೂ ಅಲ್ಲಿ ವಸ್ತುವಾಗಿವೆ. ಜನರ ನಲಿವನ್ನು ಚಿತ್ರಿಸಿದ ಕಲಾವಿದ ಅವರ ನೋವಿಗೆ ಬೆನ್ನು ತಿರುಗಿಸಲಿಲ್ಲವೆಂಬುದು ಹೆಬ್ಬಾರರ ಹೆಗ್ಗಳಿಕೆ.

ಭಾರತ ಸರ್ಕಾರ 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ನೀಡಿ ಅವರನ್ನು ಗೌರವಿಸಿತು. ಅವರು ಮುಂಬಯಿಯಲ್ಲಿ 1996ರಲ್ಲಿ ನಿಧನರಾದರು. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಅವರ ಕೃತಿಗಳ ಸಂಗ್ರಹವಿದೆ. ಕಲೆಯ ಪರಿಭಾಷೆ ತಿಳಿಯದವರೂ ಅವುಗಳ ಮುಂದೆ ನಿಂತು ತಮಗೆ ಗೊತ್ತಿರುವ ಬದುಕನ್ನು ಗುರುತಿಸಬಹುದು.