ಕರೆಂಟ್ ಹೋದರೆ ಡೀಪ್ ಫ್ರೀಜರ್‌ನಲ್ಲಿಟ್ಟ ಆಹಾರ ಎಷ್ಟು ಹೊತ್ತು ಸುರಕ್ಷಿತ?

ನಂಬಿಕೆ: ಮಳೆಗಾಲಕ್ಕೆ ಮುಂಚೆ ಡೀಪ್ ಫ್ರೀಜರ್ ತುಂಬಿಸಿಟ್ಟರೆ ಸಾಕು, ಒಳಗಿದ್ದದ್ದು ಕೆಡುವುದಿಲ್ಲ.

ವಾಸ್ತವ: ಕರೆಂಟ್ ಇರುವವರೆಗೆ ಮಾತ್ರ ಇದು ನಿಜ. 2019ರ ಆಗಸ್ಟ್‌ನಲ್ಲಿ ತುಂಗಾ ನದಿ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತ್ತು. ರವೀಂದ್ರನಗರವಿರಲಿ, ಭದ್ರಾವತಿಯಿರಲಿ, ಜೋರು ಮಳೆಗೆ ಕರೆಂಟ್ ಯಾವಾಗ ಬೇಕಾದರೂ ಹೋಗಬಹುದು.

ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬ್ಯಾಕ್ಟೀರಿಯಾಗಳು ಬೆಳೆಯುವುದಿಲ್ಲ, ಆದರೆ ಎಲ್ಲವೂ ಸಾಯುವುದೂ ಇಲ್ಲ. ಆಹಾರ ಕರಗಿ ಬೆಚ್ಚಗಾದರೆ ಮತ್ತೆ ಹೆಚ್ಚುತ್ತವೆ.

ಎಷ್ಟು ಹೊತ್ತು?
ಬಾಗಿಲು ತೆರೆಯದಿದ್ದರೆ, ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಣ್ಣಗಿರುತ್ತದೆ. ಸಾಮಾನ್ಯ ಫ್ರಿಜ್ ಕೇವಲ 4 ಗಂಟೆ. ಹಾಗಾಗಿ ಖಾಲಿ ಜಾಗದಲ್ಲಿ ನೀರಿನ ಬಾಟಲಿಗಳನ್ನಿಡಿ. ಗಡ್ಡೆಯಾದಾಗ ನೀರು ಹಿಗ್ಗುವುದರಿಂದ ಬಾಟಲಿಯನ್ನು ಪೂರ್ತಿ ತುಂಬಬೇಡಿ.

ಊರಿಗೆ ಹೋಗುತ್ತೀರಾ?
ಒಂದು ಲೋಟ ನೀರನ್ನು ಗಡ್ಡೆ ಮಾಡಿ, ಮೇಲೆ ನಾಣ್ಯವಿಟ್ಟು ಹೋಗಿ. ವಾಪಸ್ ಬಂದಾಗ ನಾಣ್ಯ ತಳ ಸೇರಿದ್ದರೆ, ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ.

ಯಾವುದನ್ನು ಬಿಸಾಡಬೇಕು?
ಮಂಜಿನ ಹರಳು ಇನ್ನೂ ಉಳಿದಿದ್ದರೆ ಮತ್ತೆ ಫ್ರೀಜ್ ಮಾಡಬಹುದು. ಮೀನು, ಮಾಂಸ, ಹಾಲು, ಬೇಯಿಸಿದ ಅಡುಗೆ 4 ಡಿಗ್ರಿಗಿಂತ ಬೆಚ್ಚಗಾಗಿ 2 ಗಂಟೆ ಕಳೆದಿದ್ದರೆ ಬಿಸಾಡಿ. ವಾಸನೆ ಇಲ್ಲವೆಂದು ನಂಬಬೇಡಿ. ಕೆಲವು ಬ್ಯಾಕ್ಟೀರಿಯಾಗಳ ವಿಷ ಕುದಿಸಿದರೂ ಹೋಗುವುದಿಲ್ಲ. ಪ್ರವಾಹದ ನೀರು ತಾಗಿದ ಫ್ರೀಜರ್‌ನ ಆಹಾರವೂ ಬೇಡ.

ತುರ್ತಿಗೆ ಅವಲಕ್ಕಿ, ಹುರಿಗಡಲೆ, ಬೆಲ್ಲ, ಉಪ್ಪಿನಕಾಯಿಯನ್ನೂ ಡಬ್ಬಿಯಲ್ಲಿಡಿ. ಇವಕ್ಕೆ ಕರೆಂಟೂ ಬೇಡ, ಒಲೆಯೂ ಬೇಡ.