ಲೇಸರ್ ಕಣ್ಣಿನ ಶಸ್ತ್ರಚಿಕಿತ್ಸೆ: ರೋಗಿಯ ಆಯ್ಕೆ

ಲಾಸಿಕ್ ಎಂಬ ಲೇಸರ್ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಆಕಾರ ತಿದ್ದಿ ಕನ್ನಡಕದ ಅವಲಂಬನೆ ತಗ್ಗಿಸುತ್ತಾರೆ. ಕನ್ನಡಕ ಬೇಡವೆನಿಸಿದವರೆಲ್ಲ ಇದಕ್ಕೆ ತಕ್ಕವರಲ್ಲ. ವಯಸ್ಸು 18 ದಾಟಿರಬೇಕು. ಕಣ್ಣಿನ ಪವರ್ ಒಂದು ವರ್ಷವಾದರೂ ಸ್ಥಿರವಾಗಿರಬೇಕು. ನಿರ್ಣಾಯಕವಾದುದು ಕಾರ್ನಿಯಾದ ದಪ್ಪ. ಅದು ಸರಾಸರಿ ಸುಮಾರು 540 ಮೈಕ್ರಾನ್. ಮೇಲಿನ ತೆಳುಪದರ ಎತ್ತಿ, ಸಮೀಪದೃಷ್ಟಿಯ ಒಂದೊಂದು ಡಯಾಪ್ಟರ್‌ಗೆ ಸುಮಾರು 12ರಿಂದ 15 ಮೈಕ್ರಾನ್ ಸವೆಸಿದ ಮೇಲೂ ಅಡಿಯಲ್ಲಿ ಕನಿಷ್ಠ 250 ಮೈಕ್ರಾನ್ ಉಳಿಯಬೇಕು. ಇಲ್ಲವಾದರೆ ಕಾರ್ನಿಯಾ ಉಬ್ಬಿ ನೋಟ ಕೆಡಬಹುದು. ಕಾರ್ನಿಯಾದ ಆಕಾರವನ್ನು ನಕ್ಷೆಯಾಗಿ ತೋರಿಸುವ ಟೊಪೊಗ್ರಫಿ ಪರೀಕ್ಷೆಯಲ್ಲಿ ಕೆರಟೋಕೋನಸ್‌ನ (ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ರೋಗ) ಸುಳಿವು ಕಂಡರೆ, ಪವರ್ ಎಷ್ಟೇ ಕಡಿಮೆಯಿರಲಿ, ಲಾಸಿಕ್ ಸಲ್ಲದು. ಕಾಂಟ್ಯಾಕ್ಟ್ ಲೆನ್ಸ್ ಅಳತೆಯನ್ನೇ ತಪ್ಪಾಗಿಸುವುದರಿಂದ ಪರೀಕ್ಷೆಗೆ ಮುನ್ನ ಕೆಲಕಾಲ ಅದನ್ನು ಬಿಡಬೇಕು. ತೀವ್ರ ಒಣಗಣ್ಣು, ಗರ್ಭಾವಸ್ಥೆ, ಹಾಲೂಡಿಸುವ ಅವಧಿಯಲ್ಲಿ ಮುಂದೂಡುವುದೇ ಲೇಸು. ನಲವತ್ತು ದಾಟಿದವರಿಗೆ ದೂರದ ನೋಟ ಸರಿಹೋದರೂ ಓದಲು ಕನ್ನಡಕ ಬೇಕಾಗಬಹುದು. ಇದನ್ನು ಮೊದಲೇ ತಿಳಿಸುವುದು ವೈದ್ಯರ ಹೊಣೆ.